ಕಡಲ ಏರಿಳಿತಕ್ಕೆ ಮರದ ಸಾಕ್ಷಿ

ನಮ್ಮ ಪಶ್ಚಿಮ ಕರಾವಳಿಯನ್ನು ಪರಶುರಾಮ ಕ್ಷೇತ್ರವೆಂದು ಕರೆಯುವ ವಾಡಿಕೆ ಹಳೆಯದು. ಭಾರ್ಗವನು ಸಹ್ಯಾದ್ರಿಯ ಮೇಲೆ ನಿಂತು ಕೊಡಲಿಯನ್ನು ಬೀಸಿ ಎಸೆದನೆಂದೂ, ಅದು ಬಿದ್ದ ಎಡೆಯವರೆಗೆ ಸಮುದ್ರರಾಜನು ಹಿಂದೆ ಸರಿದು ನೆಲವನ್ನು ಬಿಟ್ಟುಕೊಟ್ಟನೆಂದೂ ಕಥೆ. ಇದೇ ಕಡಲಿನ ಉತ್ತರದ ಅಂಚಿನಲ್ಲಿ ಇದಕ್ಕೆ ವಿರುದ್ಧವಾದ ಕಥೆಯೊಂದಿದೆ. ಶ್ರೀಕೃಷ್ಣನ ಅವತಾರ ಸಮಾಪ್ತಿಯಾದ ಮೇಲೆ ದ್ವಾರಕೆಯನ್ನು ಸಮುದ್ರ ಮುಳುಗಿಸಿತು. ಒಂದು ಕಥೆಯಲ್ಲಿ ಕಡಲು ನೆಲವನ್ನು ಕೊಡುತ್ತದೆ, ಇನ್ನೊಂದರಲ್ಲಿ ಕೊಟ್ಟದ್ದನ್ನು ಕಸಿದುಕೊಳ್ಳುತ್ತದೆ. ದಡವೆಂಬುದು ನಿಂತಲ್ಲಿ ನಿಲ್ಲುವ ಗೆರೆಯಲ್ಲ ಎಂಬ ಅನುಭವ ಈ ಎರಡು ಕಥೆಗಳಲ್ಲಿಯೂ ಇದೆ.

ಆದರೆ ಪುರಾಣ ಹೇಳಿ ನಿಲ್ಲಿಸುವಲ್ಲಿ ಚರಿತ್ರೆಯ ಪ್ರಶ್ನೆಗಳು ಮೊದಲಾಗುತ್ತವೆ. ಕಡಲು ಸರಿದದ್ದು ಎಲ್ಲಿ? ಎಂದು? ಎಷ್ಟು? ನಾನು ಚರಿತ್ರೆಯ ವಿದ್ಯಾರ್ಥಿ. ಸಸ್ಯಶಾಸ್ತ್ರವನ್ನಾಗಲಿ ಭೂವಿಜ್ಞಾನವನ್ನಾಗಲಿ ಶಾಸ್ತ್ರೋಕ್ತವಾಗಿ ಕಲಿತವನಲ್ಲ. ಆದರೂ ಸಾಕ್ಷಿಗಳನ್ನು ಹುಡುಕುವುದು, ಹುಡುಕಿದ ಸಾಕ್ಷಿ ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂದು ತೂಗಿ ನೋಡುವುದು ನನ್ನ ಕಸುಬಿಗೂ ಸೇರಿದ ಕೆಲಸ. ಅಂಥ ಒಂದು ಸಾಕ್ಷಿಯ ವಿಚಾರವನ್ನು ಈ ಹದಿನೈದು ನಿಮಿಷಗಳಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ. ಆ ಸಾಕ್ಷಿ ಕಡಲಂಚಿನಲ್ಲಿ ಬೆಳೆಯುವ ಮರ.

ಮನುಷ್ಯರು ಕಡಲಿನ ಮಟ್ಟವನ್ನು ಅಳೆದು ಬರೆದಿಟ್ಟ ಲೆಕ್ಕ ತೀರ ಈಚಿನದು. ಮುಂಬಯಿಯ ಅಪೋಲೊ ಬಂದರಿನ ದಾಖಲೆ 1878ರಿಂದ ದೊರೆಯುತ್ತದೆ. ಹಿಂದೂ ಮಹಾಸಾಗರದ ದೀರ್ಘ ದಾಖಲೆಗಳಲ್ಲಿ ಅದೊಂದು. ಅದರ ಪ್ರಕಾರ ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ಕಡಲು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ತುಸು ಕಡಮೆ ಏರಿತು. ಒಂದೂವರೆ ಶತಮಾನದ ಈ ಲೆಕ್ಕ ಅಮೂಲ್ಯವಾದದ್ದೇ. ಆದರೆ ಕಡಲಿನ ಆಯುಸ್ಸಿನಲ್ಲಿ ಒಂದೂವರೆ ಶತಮಾನವೆಂದರೆ ಎಷ್ಟು? ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗವು ತನ್ನ ಶಿಖರದಲ್ಲಿದ್ದಾಗ, ಲೋಕದ ಸಮುದ್ರಗಳು ಇಂದಿಗಿಂತ ಸುಮಾರು 120 ಮೀಟರು ಕೆಳಗಿದ್ದವು. ಹಿಮ ಕರಗಿ, ನೀರು ಏರಿ, ಹೆಚ್ಚುಕಡಮೆ ಇಂದಿನ ಮಟ್ಟದ ಸಮೀಪಕ್ಕೆ ಬಂದು ಆರೇಳು ಸಾವಿರ ವರ್ಷಗಳಾದವು. ಆ ಕಾಲದ ಲೆಕ್ಕವನ್ನು ಯಾವ ಗುಮಾಸ್ತನೂ ಬರೆದಿಡಲಿಲ್ಲ.

ಸ್ವಾರಸ್ಯವೆಂದರೆ, ಅಪೋಲೊ ಬಂದರಿನ ದಾಖಲೆ ಮೊದಲಾದ 1878ರಲ್ಲಿಯೇ ಅದೇ ಮುಂಬಯಿಯಲ್ಲಿ ಬೇರೊಂದು ಸಾಕ್ಷಿ ಸಿಕ್ಕಿತು. ಪ್ರಿನ್ಸಸ್ ಡಾಕ್ ಎಂಬ ಹಡಗುಕಟ್ಟೆಗಾಗಿ ನೆಲವನ್ನು ಅಗೆಯುತ್ತಿದ್ದಾಗ ನೀಲಿ ಜೇಡಿಯ ಕೆಳಗೆ ಒಂದು ಇಡೀ ಕಾಡು ಕಾಣಿಸಿತು. ಎಂಜಿನಿಯರುಗಳು ಎಣಿಸಿದಾಗ ಮರಗಳು 382 ಇದ್ದವು. ಅವುಗಳಲ್ಲಿ 223 ಇನ್ನೂ ಬೇರೂರಿ ನೆಟ್ಟಗೆ ನಿಂತಿದ್ದವು. ಅವು ಕಾಚಿನ ಮರಗಳು, ಎಂದರೆ ಖೈರ. ಕಾಚು ಒಣನೆಲದ ಮರ. ಉಪ್ಪು ನೀರಿನಲ್ಲಿ ಅದು ಬೆಳೆಯುವುದಿಲ್ಲ. ಆದ್ದರಿಂದ ಒಂದು ಕಾಲಕ್ಕೆ ಅಲ್ಲಿ ಒಣನೆಲವಿತ್ತು, ಅನಂತರ ಉಪ್ಪುನೀರು ಬಂತು ಎನ್ನುವಷ್ಟು ಸ್ಪಷ್ಟವಾಯಿತು. ಆದರೆ ಆ ಮರಗಳು ಅಂದಿನ ಕಡಲಿನಿಂದ ಒಂದು ಮೊಳ ಮೇಲಿದ್ದವೋ ಹತ್ತು ಮಾರು ಮೇಲಿದ್ದವೋ, ಕಾಚಿನ ಮರ ಹೇಳಲಾರದು. ಅದು ಘಟನೆಯನ್ನು ಹೇಳಿ ಅಳತೆಯನ್ನು ಹೇಳದ ಸಾಕ್ಷಿ.

ಅಳತೆಯನ್ನೂ ಹೇಳಬಲ್ಲ ಮರ ಬೇರೆ ಇದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಅದನ್ನು ಕಾಂಡ್ಲವೆನ್ನುತ್ತಾರೆ. ಕೆಸರಿನೊಳಕ್ಕೆ ಊರುಗೋಲುಗಳಂತೆ ಬೇರುಗಳನ್ನು ಇಳಿಬಿಟ್ಟು ನಿಂತ ಈ ಮರಗಳನ್ನು ಅಘನಾಶಿನಿ, ಕಾಳಿ, ಶರಾವತಿ ನದಿಗಳು ಕಡಲನ್ನು ಸೇರುವೆಡೆಯಲ್ಲಿ ಕಂಡವರು ಮರೆಯಲಾರರು. ಇಂಥ ಮರಗಳು ಪಶ್ಚಿಮದ ವಿದ್ವಾಂಸರನ್ನು ಬೆರಗುಗೊಳಿಸಿ ಎರಡು ಸಾವಿರ ವರ್ಷಗಳ ಮೇಲಾಯಿತು. ಅಲೆಕ್ಸಾಂಡರನ ದಂಡಿನೊಡನೆ ಪೂರ್ವಕ್ಕೆ ಬಂದವರು ತಂದ ಸುದ್ದಿಯನ್ನು ಆಧರಿಸಿ, ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸನು ಸಮುದ್ರದೊಳಗೆ ಬೇರುಗಳ ಮೇಲೆ ನಿಂತ ಮರಗಳನ್ನು ವರ್ಣಿಸಿದ್ದಾನೆ. ಹಲವು ತೋಳುಗಳ ಕಡಲಪ್ರಾಣಿಗೆ ಅವನು ಅವನ್ನು ಹೋಲಿಸುತ್ತಾನೆ.

ಈ ಮರಗಳ ವಾಸಸ್ಥಾನ ಬಹಳ ಇಕ್ಕಟ್ಟಿನದು. ಸದಾ ನೀರಿನಲ್ಲಿ ಮುಳುಗಿದ್ದರೆ ಬೇರಿಗೆ ಉಸಿರಿಲ್ಲ. ನೀರು ಎಂದೂ ಮುಟ್ಟದ ಎತ್ತರಕ್ಕೆ ಹೋದರೆ ಇತರ ಗಿಡಮರಗಳ ಪೈಪೋಟಿಯ ಮುಂದೆ ನಿಲುವಿಲ್ಲ. ಸಾಮಾನ್ಯವಾಗಿ ಕಡಲಿನ ಸರಾಸರಿ ಮಟ್ಟಕ್ಕೂ ದೊಡ್ಡ ಭರತದ ಮಟ್ಟಕ್ಕೂ ನಡುವಣ ಕಿರಿದಾದ ಪಟ್ಟಿಯಲ್ಲಿಯೇ ಅವುಗಳ ಬಾಳು. ಆದ್ದರಿಂದ ಮಣ್ಣಿನ ಆಳದಲ್ಲಿ ಹುಟ್ಟಿದೆಡೆಯಲ್ಲಿಯೇ ನಿಂತ ಕಾಂಡ್ಲದ ಮೋಟು ಸಿಕ್ಕಿದರೆ, ಅಂದಿನ ಕಡಲು ಆ ಮೋಟಿನ ಆಸುಪಾಸಿನಲ್ಲಿತ್ತೆಂದು ಹೇಳಬಹುದು.

ಇನ್ನು ಉಳಿದದ್ದು ಕಾಲದ ಪ್ರಶ್ನೆ. ಮರದ ಉಂಗುರಗಳನ್ನೆಣಿಸಿ ವಯಸ್ಸು ಹೇಳುವುದು ಎಲ್ಲರೂ ಬಲ್ಲ ಮಾತು. ಅದನ್ನು ಚರಿತ್ರೆಯ ಸಾಧನವನ್ನಾಗಿ ಮಾಡಿದವರಲ್ಲಿ ಮೊದಲ ಹೆಸರು ಅಮೆರಿಕದ ಎ.ಇ. ಡಗ್ಲಸ್. ಇವರು ಮೂಲತಃ ಖಗೋಳಶಾಸ್ತ್ರಜ್ಞರು. ಸೂರ್ಯನ ಕಲೆಗಳ ಏರಿಳಿತ ಭೂಮಿಯ ಮಳೆಯ ಮೇಲೆ ಪರಿಣಾಮ ಮಾಡೀತೇ ಎಂದು ತಿಳಿಯಲು ಅರಿಜೋನದ ಪೈನ್ ಮರಗಳನ್ನು ನೋಡತೊಡಗಿದರು. ಮಳೆ ಚೆನ್ನಾದ ವರ್ಷ ಅಗಲವಾದ ಉಂಗುರ, ಬರಗಾಲದಲ್ಲಿ ಕಿರಿದಾದದ್ದು. ಒಂದು ಸೀಮೆಯ ಮರಗಳೆಲ್ಲ ಒಂದೇ ಬರವನ್ನು ಉಂಡವಾದ್ದರಿಂದ ಅಗಲ ಕಿರಿದುಗಳ ಸರಣಿ ಎಲ್ಲದರಲ್ಲೂ ಒಂದೇ ಬಗೆಯಾಗಿರುತ್ತದೆ. ಇಂದಿನ ಮರದ ಒಳಸುತ್ತುಗಳನ್ನು ಹಳೆಯ ತೊಲೆಯ ಹೊರಸುತ್ತುಗಳೊಡನೆ ಹೊಂದಿಸಿದರೆ ಲೆಕ್ಕ ಹಿಂದಕ್ಕೆ ಬೆಳೆಯುತ್ತ ಹೋಗುತ್ತದೆ. ಒಡೆದ ಶಾಸನದ ಎರಡು ತುಂಡುಗಳನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವ ಶಾಸನತಜ್ಞರ ರೀತಿಯೇ ಇದು. ಹೀಗೆ 1929ರಲ್ಲಿ ಡಗ್ಲಸರು ಅಮೆರಿಕದ ಆದಿವಾಸಿಗಳ ಪಾಳುಬಿದ್ದ ಪುರಾತನ ಊರುಗಳಿಗೆ ಖಚಿತವಾದ ವರ್ಷಗಳನ್ನು ಕೊಟ್ಟರು.

ಹಾಗಾದರೆ ಕಾಂಡ್ಲದ ಉಂಗುರಗಳನ್ನೂ ಎಣಿಸಬಾರದೇಕೆ? ತೊಡಕು ಇರುವುದು ಇಲ್ಲಿಯೇ. ಪೈನ್ ಮರ ಚಳಿಗಾಲದಲ್ಲಿ ಬೆಳೆಯುವುದನ್ನು ನಿಲ್ಲಿಸುತ್ತದೆ. ನಿಲ್ಲಿಸಿದ ಗುರುತೇ ಉಂಗುರ. ಉಷ್ಣವಲಯದ ಕಡಲಂಚಿನಲ್ಲಿ ಚಳಿಗಾಲವೆಲ್ಲಿ? ದಿನಕ್ಕೆ ಎರಡು ಸಲ ಭರತ ಬಂದು ಬೇರು ತೊಯ್ಯಿಸುತ್ತದೆ, ಮರ ವರ್ಷವಿಡೀ ಹಸಿರಾಗಿರುತ್ತದೆ. ಆದ್ದರಿಂದ ಕಾಂಡ್ಲದಲ್ಲಿ ವರ್ಷದ ಉಂಗುರಗಳು ಇಲ್ಲವೆಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. ಕಡಲಿಗೆ ಅತ್ಯಂತ ಸಮೀಪದಲ್ಲಿ ನಿಂತ ಸಾಕ್ಷಿಗೇ ಅಕ್ಷರ ಬಾರದೆಂದಂತಾಯಿತು.

ಈ ತೀರ್ಮಾನವನ್ನು ಬದಲಿಸಿದ ಕೆಲಸಗಳಲ್ಲಿ ಮುಖ್ಯವಾದುದೊಂದು ಪೂರ್ವ ಆಫ್ರಿಕದ ಕೀನ್ಯದಲ್ಲಿ, ಗಾಜಿ ಎಂಬ ಕೊಲ್ಲಿಯಲ್ಲಿ ನಡೆಯಿತು. ಬೆಲ್ಜಿಯಂ ದೇಶದ ಆನೂಕ್ ವೆರ್‌ಹೇಡನ್ ಮತ್ತು ಅವರ ಸಂಗಡಿಗರು ಬೆಳೆಯುತ್ತಿರುವ ಕಾಂಡ್ಲದ ಮರಗಳಿಗೆ ಗುರುತು ಮಾಡಿ, ಕಾಲಾನಂತರ ಕಡಿದು, ಅಷ್ಟರಲ್ಲಿ ಎಷ್ಟು ಮರ ಬೆಳೆದಿದೆ, ಹೇಗೆ ಬೆಳೆದಿದೆ ಎಂದು ಪರೀಕ್ಷಿಸಿದರು. ಅವರು ನೋಡಿದ್ದು ಕಣ್ಣಿಗೆ ಕಾಣುವ ಗೆರೆಯನ್ನಲ್ಲ, ನೀರನ್ನು ಮೇಲಕ್ಕೆ ಸಾಗಿಸುವ ಸೂಕ್ಷ್ಮ ನಾಳಗಳನ್ನು. ಮಳೆಗಾಲದಲ್ಲಿ ಸಿಹಿನೀರು ಹೇರಳವಾಗಿದ್ದಾಗ ಹುಟ್ಟಿದ ಮರದಲ್ಲಿ ನಾಳಗಳು ವಿರಳ. ಬೇಸಗೆಯಲ್ಲಿ ಕೆಸರಿನ ಉಪ್ಪು ಏರಿದಾಗ ಹುಟ್ಟಿದ ಮರದಲ್ಲಿ ಅವು ದಟ್ಟ. ಉಪ್ಪುನೀರನ್ನು ಹೀರುವಾಗ ನಾಳದೊಳಗೆ ಗಾಳಿಯ ಗುಳ್ಳೆ ಸೇರಿ ಹರಿವು ಕಡಿಯುವ ಅಪಾಯ ಹೆಚ್ಚು. ಕೆಲವು ಕೆಟ್ಟರೂ ಉಳಿದವು ಕೆಲಸ ನಡೆಸಲೆಂದು ಮರ ಅನೇಕ ನಾಳಗಳನ್ನು ಮಾಡಿಕೊಳ್ಳುತ್ತದೆ. ವಿರಳದ ಒಂದು ಪಟ್ಟಿ, ದಟ್ಟದ ಒಂದು ಪಟ್ಟಿ, ಎರಡೂ ಕೂಡಿದರೆ ಒಂದು ವರ್ಷ. 2004ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಸಾಕ್ಷಿಗೆ ಅಕ್ಷರ ಬರುತ್ತಿತ್ತು. ನಮಗೆ ಲಿಪಿ ತಿಳಿದಿರಲಿಲ್ಲ.

ಆದರೆ ಎಲ್ಲ ಮರಗಳಿಗೂ ಒಂದೇ ಲಿಪಿಯಲ್ಲ. ಅದೇ ಗಾಜಿ ಕೊಲ್ಲಿಯಲ್ಲಿ ಬೆಳೆಯುವ ಇನ್ನೊಂದು ಮರ, ನಮ್ಮ ಕಡೆ ಉಪ್ಪಟಿ ಎನ್ನುವ ಮರದ ಜಾತಿಯದು, ಕಡಿದಾಗ ಬಹು ಸೊಗಸಾದ ಉಂಗುರಗಳನ್ನು ತೋರಿಸುತ್ತದೆ. ಅವನ್ನೆಣಿಸಿ ವಯಸ್ಸು ಹೇಳಿದರೆ ಮೋಸಹೋಗುತ್ತೇವೆ. ಬೇರೆ ಮರಗಳಲ್ಲಿ ತೊಗಟೆಯ ಒಳಗೆ ಬೆಳವಣಿಗೆಯ ಪದರ ಒಂದೇ; ಇದರಲ್ಲಿ ಒಂದರ ಹೊರಗೊಂದು ಹೊಸದಾಗಿ ಹುಟ್ಟುತ್ತ ಹೋಗುತ್ತವೆ. ಈ ಉಂಗುರಗಳಿಗೂ ವರ್ಷದ ಋತುಗಳಿಗೂ ನೇರ ಸಂಬಂಧವಿಲ್ಲವೆಂದು ಅಲ್ಲಿನ ಪರೀಕ್ಷೆಗಳೇ ತೋರಿಸಿದವು. ಹೀಗೆ, ಸ್ಪಷ್ಟವಾದ ಬರಹವುಳ್ಳ ಮರ ತಿಥಿಯನ್ನು ಹೇಳದು, ತಿಥಿಯನ್ನು ಹೇಳುವ ಮರದ ಬರಹ ಬರಿಗಣ್ಣಿಗೆ ಕಾಣದು. ಅಕ್ಷರ ದುಂಡಾಗಿದೆಯೆಂದು ತಾಮ್ರಪಟದ ಮಾತನ್ನು ನಂಬಬಾರದೆಂಬುದು ನಮ್ಮ ಶಾಸನಗಳ ಲೋಕದಲ್ಲಿಯೂ ಇರುವ ಎಚ್ಚರಿಕೆಯೇ.

ಗಂಗೆಯ ಮುಖಜಭೂಮಿಯ ಸುಂದರಬನಕ್ಕೆ ಹೆಸರು ಕೊಟ್ಟಿತೆನ್ನುವ ಸುಂದರಿ ಮರ ಈ ವಿಷಯದಲ್ಲಿ ಉದಾರಿ. ಅದರಲ್ಲಿ ವರ್ಷಕ್ಕೊಂದು ಉಂಗುರ ಮೂಡುವುದನ್ನು ಬಾಂಗ್ಲಾದೇಶದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಎಣಿಕೆಯನ್ನು ತಾಳೆ ನೋಡಲು ಇನ್ನೊಂದು ದಾರಿಯೂ ಇದೆ, ಅದನ್ನು ಒದಗಿಸಿದ್ದು ಮನುಷ್ಯರ ಒಂದು ದುಷ್ಕೃತ್ಯ. 1950 ಮತ್ತು 60ರ ದಶಕಗಳಲ್ಲಿ ಗಾಳಿಯಲ್ಲಿ ಸಿಡಿಸಿದ ಪರಮಾಣು ಬಾಂಬುಗಳಿಂದ ವಾತಾವರಣದ ವಿಕಿರಣಶೀಲ ಇಂಗಾಲ ಉತ್ತರಾರ್ಧಗೋಳದಲ್ಲಿ ಸುಮಾರು ಇಮ್ಮಡಿಯಾಯಿತು. 1963ರ ಒಪ್ಪಂದದ ತರುವಾಯ ಮೆಲ್ಲಮೆಲ್ಲನೆ ಇಳಿಯಿತು. ಆಯಾ ವರ್ಷ ಬೆಳೆದ ಮರದಲ್ಲಿ ಆಯಾ ವರ್ಷದ ಪ್ರಮಾಣ ಉಳಿದಿದೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಉಪ್ಪಟಿ ಜಾತಿಯ ಮರಗಳ ಬೆಳವಣಿಗೆಯನ್ನು ಅರಿಯಲು ಈ ಗುರುತನ್ನೇ ಬಳಸಿದ್ದಾರೆ.

ಇಷ್ಟಾದರೂ ಕಾಂಡ್ಲದ ಉಂಗುರಗಳಿಂದ ಕಡಲಿನ ಮಟ್ಟವನ್ನು ನೇರವಾಗಿ ಓದಿಬಿಡಬಹುದೆಂದು ಭಾವಿಸಬಾರದು. ಮರ ಬರೆಯುವುದು ತನ್ನ ಕಷ್ಟಸುಖವನ್ನು. ನೀರು ಏರಿದರೂ ಅದಕ್ಕೆ ಕಷ್ಟ, ಮಳೆ ಕಡಮೆಯಾದರೂ ಕಷ್ಟ, ಮೇಲಿನಿಂದ ಬರುವ ನದಿಯನ್ನು ತಡೆದರೂ ಕಷ್ಟ. ಗಂಗೆಯ ಫರಕ್ಕಾ ಅಣೆಕಟ್ಟು 1975ರಲ್ಲಿ ಕೆಲಸ ಮೊದಲುಮಾಡಿದ ಮೇಲೆ ಬೇಸಗೆಯಲ್ಲಿ ಬಾಂಗ್ಲಾದೇಶದ ಕಡೆಗೆ ಹರಿವ ಸಿಹಿನೀರು ತಗ್ಗಿ, ಅಲ್ಲಿನ ಸುಂದರಬನದಲ್ಲಿ ಉಪ್ಪು ಹೆಚ್ಚಿತು. ಆ ಮರಗಳ ಸೊರಗಿದ ಉಂಗುರವನ್ನು ಕಂಡು ಕಡಲೇರಿತೆಂದು ಬರೆದರೆ ಅಣೆಕಟ್ಟಿನ ಹೊಣೆಯನ್ನು ಕಡಲಿನ ತಲೆಗೆ ಕಟ್ಟಿದಂತಾಗುತ್ತದೆ.

ಕಡಲು ತಗ್ಗಿದರೂ ಈ ಮರಗಳಿಗೆ ಉಳಿಗಾಲವಿಲ್ಲ. 2015ರ ಕೊನೆಯಲ್ಲಿ ಆಸ್ಟ್ರೇಲಿಯದ ಉತ್ತರದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ ಸುಮಾರು 1,000 ಕಿಲೋಮೀಟರು ಉದ್ದದ ತೀರದಲ್ಲಿ 7,400 ಹೆಕ್ಟೇರುಗಳಷ್ಟು ಮರಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ಆ ವರ್ಷದ ಎಲ್ ನಿನೊ ಪ್ರಭಾವದಿಂದ ಅಲ್ಲಿನ ಕಡಲು ತಾತ್ಕಾಲಿಕವಾಗಿ ಇಳಿದು, ಬೇರುಗಳಿಗೆ ಭರತದ ನೀರು ಮುಟ್ಟಲಿಲ್ಲವೆಂಬುದು ಮುಖ್ಯ ಕಾರಣವೆಂದು ಗುರುತಿಸಿದ್ದಾರೆ. ಚಂದ್ರನ ಪಥ 18.6 ವರ್ಷಗಳಿಗೊಮ್ಮೆ ಓಲಾಡುವುದರಿಂದ ಭರತದ ಎತ್ತರ ಕೊಂಚ ಬದಲಾಗುತ್ತದೆಯಷ್ಟೆ. ಆ ತಾಳಕ್ಕೆ ಸರಿಯಾಗಿ ಆಸ್ಟ್ರೇಲಿಯದ ಈ ಕಾಡುಗಳ ಹಸಿರು ದಟ್ಟವಾಗುತ್ತದೆ, ತೆಳುವಾಗುತ್ತದೆ ಎಂದು ಉಪಗ್ರಹದ ಚಿತ್ರಗಳಿಂದ 2022ರಲ್ಲಿ ತಿಳಿದುಬಂತು. ಕಡಲಿನ ನಾಲ್ಕಾರು ಬೆರಳಿನ ವ್ಯತ್ಯಾಸವನ್ನೂ ಬಲ್ಲ ಜೀವ ಇದು.

ಬದುಕಿರುವ ಕಾಂಡ್ಲ ಹೇಳುವ ಕಥೆ ಹೆಚ್ಚೆಂದರೆ ಒಂದೆರಡು ತಲೆಮಾರುಗಳದು. ಹಿಂದಕ್ಕೆ ಹೋಗಬೇಕಾದರೆ ಹೂತುಹೋದ ಮರಗಳನ್ನು ಕೇಳಬೇಕು. ಕಲಕತ್ತೆಯ ಸಿಯಾಲ್ದಾದಲ್ಲಿ ಕೆರೆಯೊಂದನ್ನು ತೋಡುವಾಗ ನೆಲದ ಆಳದಲ್ಲಿ ಸುಂದರಿ ಮರದ ಮೋಟುಗಳು ನಿಂತಂತೆಯೇ ಸಿಕ್ಕಿದವು. 1864ರಲ್ಲಿ ಅದನ್ನು ವರದಿ ಮಾಡಿದವರು ಎಚ್.ಎಫ್. ಬ್ಲಾನ್‌ಫರ್ಡ್, ಮುಂದೆ 1875ರಲ್ಲಿ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದವರು ಇವರೇ. ಮೋಟುಗಳನ್ನು ಕಂಡೊಡನೆ ಕಡಲು ಅಷ್ಟು ಏರಿತೆಂದು ಹೇಳಬೇಕೆನಿಸುತ್ತದೆ. ಆದರೆ ಅದಕ್ಕೂ ಮೊದಲು, 1835ರಿಂದ 1840ರವರೆಗೆ, ಫೋರ್ಟ್ ವಿಲಿಯಮ್ಮಿನಲ್ಲಿ 481 ಅಡಿ ಆಳದವರೆಗೆ ಬಾವಿ ಕೊರೆದಿದ್ದರು. ಅಷ್ಟು ಆಳದಲ್ಲಿಯೂ ಕಡಲ ಪ್ರಾಣಿಗಳ ಅವಶೇಷ ದೊರೆಯಲಿಲ್ಲ, ದೊರೆತದ್ದು ನದಿಯ ಮೆಕ್ಕಲು. ಎಂದರೆ ಅಲ್ಲಿ ನೆಲವೇ ತನ್ನ ಮೆಕ್ಕಲಿನ ಭಾರಕ್ಕೆ ಕುಸಿಯುತ್ತ ಬಂದಿದೆ, ಕುಸಿದಷ್ಟನ್ನು ನದಿ ತುಂಬುತ್ತ ಬಂದಿದೆ. ಮರ ಹೇಳಬಲ್ಲದ್ದು ನೆಲಕ್ಕೂ ನೀರಿಗೂ ನಡುವೆ ಇದ್ದ ಅಂತರವನ್ನು ಮಾತ್ರ. ನೆಲ ಇಳಿಯಿತೋ ನೀರು ಏರಿತೋ ಎಂಬುದನ್ನು ಬೇರೆ ಸಾಕ್ಷಿಗಳಿಂದ ಬಗೆಹರಿಸಬೇಕು.

ನೆಲ ಒಮ್ಮೆಲೇ ಕುಸಿದರೆ ಮರ ಹೇಗೆ ನುಡಿಯುತ್ತದೆ ಎಂಬುದಕ್ಕೆ ಅತ್ಯುತ್ತಮ ನಿದರ್ಶನ ಕಾಂಡ್ಲದ ನಾಡಿನದಲ್ಲ, ಅಮೆರಿಕದ ವಾಯವ್ಯ ತೀರದ್ದು. ವಾಷಿಂಗ್ಟನ್ ರಾಜ್ಯದ ಕೊಪಾಲಿಸ್ ನದಿಯ ಅಳಿವೆಯಲ್ಲಿ ಸತ್ತು ಬಿಳಿಚಿದ ಸೀಡರ್ ಮರಗಳು ಉಪ್ಪುನೀರಿನ ಹುಲ್ಲಿನ ನಡುವೆ ನಿಂತಿವೆ. ಭೂಕಂಪದಿಂದ ನೆಲ ತಟಕ್ಕನೆ ಇಳಿದು ಕಡಲು ಒಳನುಗ್ಗಿದ್ದರ ಗುರುತು ಅವೆಂದು ಬ್ರಯನ್ ಅಟ್‌ವಾಟರ್ ಎಂಬ ಭೂವಿಜ್ಞಾನಿ 1980ರ ದಶಕದಲ್ಲಿ ತಿಳಿಸಿದರು. ಯಾವಾಗ? ಆ ತೀರದ ಆದಿವಾಸಿಗಳ ಬಾಯಿಮಾತಿನಲ್ಲಿ ನೆಲ ನಡುಗಿದ, ಕಡಲು ಉಕ್ಕಿದ ಕಥೆಗಳಿದ್ದವು, ವರ್ಷವಿರಲಿಲ್ಲ. ಕೆಸರಿನೊಳಗೆ ತೊಗಟೆಸಹಿತ ಉಳಿದಿದ್ದ ಬೇರುಗಳಲ್ಲಿ ಕೊನೆಯ ಉಂಗುರ 1699ರದು, ಅದು ಪೂರ್ಣವಾಗಿ ಬೆಳೆದದ್ದು. 1700ರ ಉಂಗುರ ಮೊದಲಾಗಲೇ ಇಲ್ಲ. ಇತ್ತ ಜಪಾನಿನ ಹಳೆಯ ದಫ್ತರಗಳಲ್ಲಿ, 1700ರ ಜನವರಿಯಲ್ಲಿ ನೆಲ ನಡುಗದೆಯೇ ಕಡಲು ಉಕ್ಕಿ ಊರುಗಳಿಗೆ ನುಗ್ಗಿದ ವೃತ್ತಾಂತವಿತ್ತು. ಈ ಅಲೆ ಹೊರಟದ್ದು ಅಮೆರಿಕದ ತೀರದಿಂದಲೇ, 1700ರ ಜನವರಿ 26ರ ರಾತ್ರಿ ಎಂದು ಜಪಾನಿನ ವಿದ್ವಾಂಸರು 1996ರಲ್ಲಿ ಲೆಕ್ಕಹಾಕಿದರು. ಮರುವರ್ಷ ಮರದ ಬೇರುಗಳ ಲೆಕ್ಕ ಅದಕ್ಕೆ ಸರಿಹೋಯಿತು. ಒಂದು ಸಾಗರದ ಎರಡು ದಡಗಳಲ್ಲಿ, ಒಂದರಲ್ಲಿ ಗುಮಾಸ್ತನೂ ಇನ್ನೊಂದರಲ್ಲಿ ಮರವೂ ಬರೆದ ಲೆಕ್ಕ ತಾಳೆಯಾದ ಈ ಪ್ರಸಂಗ ನನಗೆ ಚರಿತ್ರೆಯ ಅತ್ಯಂತ ರೋಮಾಂಚಕ ಪುಟಗಳಲ್ಲಿ ಒಂದಾಗಿ ತೋರುತ್ತದೆ.

ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ನಿಕೋಬಾರಿನ ದಕ್ಷಿಣದ ತುದಿ ನಾಲ್ಕು ಮೀಟರುಗಳಿಗೂ ಮಿಕ್ಕಿ ಕುಸಿಯಿತು. ಉತ್ತರ ಅಂಡಮಾನಿನಲ್ಲಿ ನೆಲ ಮೇಲೆದ್ದು, ಭರತ ಮುಟ್ಟದೆ ಕಾಂಡ್ಲದ ಕಾಡುಗಳು ಒಣಗಿದವು. ಅಂದು ಪೋರ್ಟ್ ಬ್ಲೇರ್ ಎಂದಿದ್ದ, 2024ರಿಂದ ಶ್ರೀ ವಿಜಯ ಪುರಂ ಎಂದು ಕರೆಸಿಕೊಳ್ಳುವ ಊರಿನ ಸುತ್ತ ನೆಲ ಇಳಿದು ಗದ್ದೆಗಳು ಉಪ್ಪಳಗಳಾದವು. ಅಲ್ಲಿಯೇ ಮಣ್ಣಿನಡಿ ಹುಟ್ಟಿದೆಡೆಯಲ್ಲೇ ಉಳಿದ ಹಳೆಯ ಕಾಂಡ್ಲದ ಬೇರುಗಳನ್ನು ಸಿ.ಪಿ. ರಾಜೇಂದ್ರನ್, ಕುಸಲಾ ರಾಜೇಂದ್ರನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಇಂಗಾಲದ ಕಾಲಗಣನೆಯಂತೆ ಆ ಕಾಡು ಮುಳುಗಿ ಸುಮಾರು ಸಾವಿರ ವರ್ಷಗಳಾಗಿದ್ದವು. 2004ರ ದುರಂತಕ್ಕೆ ಹಿಂದೆ ಒಂದು ಮೇಲ್ಪಂಕ್ತಿ ಇತ್ತು. ಜನರ ನೆನಪಿನಲ್ಲಿ ಇರಲಿಲ್ಲ, ಬೇರಿನಲ್ಲಿ ಇತ್ತು.

ನಮ್ಮ ಕರಾವಳಿಯದೇ ಒಂದು ಸಾಕ್ಷಿಯನ್ನೂ ಹೇಳಬೇಕು. ಕಾರವಾರದಾಚೆ ಕಡಲ ತಳದ ಕೆಸರಿನಲ್ಲಿ ಪದರಪದರವಾಗಿ ಸಿಕ್ಕಿರುವ ಹೂವಿನ ಪರಾಗವನ್ನು ಫ್ರೆಂಚ್ ವಿದ್ವಾಂಸರು ಎಣಿಸಿ 1994ರಲ್ಲಿ ಪ್ರಕಟಿಸಿದರು. ಸುಮಾರು 3,500 ವರ್ಷಗಳ ಹಿಂದಿನಿಂದ ಕಾಂಡ್ಲದ ಪರಾಗ ಕಡಮೆಯಾಗುತ್ತದೆ. ಜೊತೆಗೆ ಘಟ್ಟದ ಮಳೆಕಾಡಿನ ಪರಾಗವೂ ಕಡಮೆಯಾಗುತ್ತದೆ. ಕಾಂಡ್ಲವೊಂದೇ ಕ್ಷೀಣಿಸಿದ್ದರೆ ಕಡಲನ್ನು ಸಂಶಯಿಸಬಹುದಿತ್ತು. ಘಟ್ಟದ ಕಾಡೂ ಜೊತೆಗೂಡಿದ್ದರಿಂದ ಮಳೆಯೇ ತಗ್ಗಿತೆಂದು ಅವರು ನಿರ್ಣಯಿಸಿದರು. ಎರಡು ಸಾಕ್ಷಿಗಳ ಮಾತನ್ನು ಕೂಡಿಸಿ ಕೇಳುವ ವಿವೇಕ ಎಂದರೆ ಇದು.

ಹಳೆಯ ಕಡಲಿನ ಈ ಲೆಕ್ಕ ಇಂದಿಗೆ ಏತಕ್ಕೆ ಬೇಕು? ಕಾಂಡ್ಲ ಬರಿಯ ಲೆಕ್ಕ ಬರೆಯುವ ಮರವಲ್ಲ, ಕಡಲಿನೊಡನೆ ಏರುವ ಮರ. ಬೇರುಗಳ ನಡುವೆ ಮೆಕ್ಕಲನ್ನು ಹಿಡಿದು, ತನ್ನ ಸತ್ತ ಬೇರುಗಳನ್ನೇ ಮಣ್ಣಾಗಿಸಿ ತನ್ನ ಕಾಲಡಿಯ ನೆಲವನ್ನು ತಾನೇ ಎತ್ತರಿಸಿಕೊಳ್ಳುತ್ತದೆ. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಿರುದ್ವೀಪಗಳಲ್ಲಿ ಏಳೆಂಟು ಸಾವಿರ ವರ್ಷಗಳಿಂದ ಹೀಗೆ ಒಟ್ಟಿಕೊಂಡ ಬೇರುಮಣ್ಣು ಹತ್ತು ಮೀಟರು ದಪ್ಪವಾಗಿದೆ. ಆದರೆ ಈ ಶಕ್ತಿಗೆ ಮಿತಿಯುಂಟು. ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಲೋಕದ 78 ಎಡೆಗಳಲ್ಲಿ ಕಾಂಡ್ಲದ ಕಾಡು ಎಂದು ನೆಲೆಯೂರಿತು, ಎಂದು ಊರಲಿಲ್ಲ ಎಂಬ ಪುರಾವೆಯನ್ನು ಕೂಡಿಸಿ 2020ರಲ್ಲಿ ನೀಲ್ ಸೈಂಟಿಲಾನ್ ಮತ್ತು ಸಹಕಾರಿಗಳು ಒಂದು ಅಂಕೆಯನ್ನು ಕೊಟ್ಟರು. ಕಡಲು ವರ್ಷಕ್ಕೆ ಸುಮಾರು 6 ಮಿಲಿಮೀಟರಿಗಿಂತ ವೇಗವಾಗಿ ಏರಿದರೆ ಕಾಂಡ್ಲ ಅದರ ಜೊತೆ ಹೆಜ್ಜೆಯಿಡಲಾರದು. ಈಚಿನ ದಶಕದಲ್ಲಿ ಲೋಕದ ಸಮುದ್ರಗಳ ಸರಾಸರಿ ಏರಿಕೆ ವರ್ಷಕ್ಕೆ 4 ಮಿಲಿಮೀಟರನ್ನು ದಾಟಿದೆ. ಉಳಿದಿರುವ ಅಂತರ ಎಷ್ಟು ಕಿರಿದೆಂದು ನೀವೇ ನೋಡಬಹುದು.

ಹೆಜ್ಜೆ ತಪ್ಪಿದ ಕಾಂಡ್ಲಕ್ಕೆ ಒಂದೇ ದಾರಿ, ದಡದ ಕಡೆಗೆ ಹಿಂದೆ ಸರಿಯುವುದು. ಅದಕ್ಕೆ ಹಿಂದೆ ಜಾಗ ಬೇಕು. ಅಲ್ಲಿ ರಸ್ತೆಯೋ ಗೋಡೆಯೋ ಎದ್ದಿದ್ದರೆ ಸರಿಯುವುದೆಲ್ಲಿಗೆ? ಕುಮಟೆಯ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆದ ರೈತರು ಮಣ್ಣಿನ ಒಡ್ಡಿನ ಹೊರಗೆ ಕಾಂಡ್ಲವಿದ್ದರೆ ಒಡ್ಡು ಉಳಿಯುತ್ತದೆಂದು ಬಲ್ಲರು. ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮನ್ನಣೆ ದೊರಕಿದೆ. ಮನ್ನಣೆ ಸಂತೋಷದ್ದೇ, ಮರಕ್ಕೆ ಬೇಕಾದದ್ದು ಮಾತ್ರ ಮೇಲಿನಿಂದ ಸಿಹಿನೀರು, ಮೆಕ್ಕಲು, ಹಿಂದೆ ಸರಿಯಲು ಒಂದಿಷ್ಟು ನೆಲ.

ಮುಂಬಯಿಯ ಹಡಗುಕಟ್ಟೆಯಲ್ಲಿ ಸಿಕ್ಕಿದ ಕಾಡು ಕಡಲು ಬರುವುದನ್ನು ತಿಳಿಸಲಿಲ್ಲ, ಬಂದುಹೋದದ್ದನ್ನು ತಿಳಿಸಿತು. ಅಂಡಮಾನಿನ ಬೇರುಗಳನ್ನು ನಾವು ಓದಿದ್ದು ಅಲೆ ಬಂದುಹೋದ ಮೇಲೆ. ನಮ್ಮ ಅಳಿವೆಗಳಲ್ಲಿ ಈ ಲೆಕ್ಕ ಬರೆಯುವ ಮರಗಳು ಇನ್ನೂ ಹಸಿರಾಗಿ ನಿಂತಿವೆ. ಈ ವರ್ಷದ ಪಟ್ಟಿಯನ್ನು ಅವು ಈಗಲೂ ಬರೆಯುತ್ತಿವೆ. ಅದನ್ನು ಮೋಟಿನಲ್ಲಿ ಓದುವುದೋ, ನಿಂತ ಮರದಲ್ಲಿ ಓದುವುದೋ ಎಂಬುದು ನಮ್ಮ ತಲೆಮಾರು ತೀರ್ಮಾನಿಸಬೇಕಾದ ಮಾತು.